ಹೊಸ ಎಲೆ, ಹಳೆ ಅಕ್ಕಿ

ಮಾನ್ವಿ, ಸಿಂಧನೂರು ಕಡೆ ಭತ್ತ ಕೊಳ್ಳುವ ಹಳಬರು ತೇವಾಂಶದ ಮೀಟರನ್ನು ಆಮೇಲೆ ನೋಡುತ್ತಾರೆ. ಮೊದಲು ರಾಶಿಯೊಳಗೆ ಮೊಣಕೈತನಕ ಕೈ ತೂರಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಾರೆ. ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಡಿಯುತ್ತಾರೆ. ಕಟ್ಟೆಂದು ಮುರಿದರೆ ಒಣಗಿದೆ, ಮೆತ್ತಗೆ ಜಜ್ಜಿಹೋದರೆ ಇನ್ನೂ ನೀರಿದೆ. ಮುರಿದ ಕಾಳನ್ನು ಕೂಡಲೇ ಉಗಿಯುವುದಿಲ್ಲ. ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಆಡಿಸಿ ಮುಗ್ಗು ಹಿಡಿದಿದೆಯೋ, ಮಳೆಗೆ ಸಿಕ್ಕಿದೆಯೋ, ಕೊಯ್ಲಿಗೆ ಅವಸರ ಮಾಡಿದ್ದಾರೋ ಎಂದು ತಿಳಿದುಕೊಳ್ಳುತ್ತಾರೆ. ಮಾನ್ವಿಯ ರೈಸ್‌ಮಿಲ್ಲೊಂದರಲ್ಲಿ ಮೆಷಿನ್ ನೋಡಿಕೊಳ್ಳುತ್ತಿದ್ದ ನಾನೂ ಹಾಗೆಯೇ ಕಲಿತೆ. ಓದಿದ್ದು ಐಟಿಐ. ರುಚಿ ನೋಡುವುದನ್ನು ಕಲಿಸಿದವರು ಗಂಜಿನ ದಲ್ಲಾಳಿಗಳು, ಹಮಾಲರು, ಮತ್ತು ಅವರೆಲ್ಲರಿಗಿಂತ ಮುಂಚೆ ನಮ್ಮವ್ವ.

ಚೀನಾದ ಹಸಿರು ಚಹಾದ ಬಗ್ಗೆ ಬರೆಯಲು ಕೂತವನು ಭತ್ತದಿಂದ ಶುರು ಮಾಡುತ್ತಿದ್ದೇನೆ, ಏಕೆಂದರೆ ಆ ಚಹಾ ನನಗೆ ಸಿಕ್ಕಿದ್ದು ಅಕ್ಕಿಯ ಹಾದಿಯಲ್ಲೇ. ಹಸಿರು ಚಹಾದ ರುಚಿ ನಮ್ಮಂಥವರ ನಾಲಿಗೆಗೆ ಹತ್ತುವುದಲ್ಲ, ಅದು ದೊಡ್ಡ ಊರಿನವರ ಶೋಕಿ ಎನ್ನುವ ಮಾತು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಕಾಳು ಕಡಿದು ಬೆಲೆ ಕಟ್ಟುವ ಜನಕ್ಕೆ ಎಲೆಯ ರುಚಿ ಹೇಗೆ ದೂರವಾದೀತು?

ನಮ್ಮೂರು ಚೀಕಲಪರ್ವಿ. ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆ. ಆಚೆ ದಂಡೆ ಆಂಧ್ರ. ಹೊರಗಿನವರಿಗೆ ಈ ಊರಿನ ಹೆಸರು ಗೊತ್ತಿರುವುದು ವಿಜಯದಾಸರಿಂದ. 1682ರಲ್ಲಿ ಅವರು ಇಲ್ಲಿ ಹುಟ್ಟಿದರು, 1755ರಲ್ಲಿ ಚಿಪ್ಪಗಿರಿಯಲ್ಲಿ ದೇಹ ಬಿಟ್ಟರು. ಕಾರ್ತಿಕ ಶುದ್ಧ ದಶಮಿಯ ಆರಾಧನೆಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಹುಡುಗರಾಗಿದ್ದ ನಮಗೆ ಮಾತ್ರ ಊರೆಂದರೆ ಹೊಳೆ. ಬೇಸಿಗೆಯಲ್ಲಿ ಹೊಳೆ ಬತ್ತಿ ಅಲ್ಲಲ್ಲಿ ಮಡು ಮಾತ್ರ ಉಳಿದಾಗ ಹೆಣ್ಣುಮಕ್ಕಳು ಉಸುಕಿನಲ್ಲಿ ವರತಿ ತೆಗೆಯುತ್ತಿದ್ದರು. ಮೊದಲು ಬರುವ ಕಲಕಿದ ನೀರನ್ನು ತೋಡಿ ಚೆಲ್ಲಿ, ತಿಳಿಯಾಗುವ ತನಕ ಸುಮ್ಮನೆ ಕೂತಿದ್ದು, ಆಮೇಲೆ ಬಟ್ಟಲಿನಿಂದ ಮೊಗೆದು ಕೊಡ ತುಂಬುವರು. ಬೋರ್‌ವೆಲ್ ಬಂದ ಮೇಲೂ ಅವ್ವ ವರತಿ ನೀರು ಬಿಡಲಿಲ್ಲ. ಅವಳ ಲೆಕ್ಕ ಸರಳ: ತೊಗರಿಬೇಳೆ ಬೆಂದರೆ ಅದು ನೀರು. ನಮ್ಮ ಬೋರಿನ ನೀರಿನಲ್ಲಿ ಬೇಳೆ ಎಷ್ಟು ಕುದಿಸಿದರೂ ಕಾಳುಕಾಳಾಗಿಯೇ ಉಳಿಯುತ್ತಿತ್ತು. ಆ ನೀರಿನ ಸುಣ್ಣದಂಶ ಬೇಳೆಯ ತಿರುಳನ್ನು ಬಿಗಿಮಾಡುತ್ತದೆ ಎಂದು ನಾನು ಓದಿ ತಿಳಿದದ್ದು ಬಹಳ ವರ್ಷಗಳ ನಂತರ.

ಮನೆಯ ಚಹಾ ಎಂದರೆ ಕುದಿಸಿದ ಚಹಾ. ನೀರು, ಸಕ್ಕರೆ, ಚಾಪುಡಿ ಒಟ್ಟಿಗೆ ಒಲೆಗೇರಬೇಕು, ಕೆಂಪಗೆ ಕುದಿಯಬೇಕು, ಎಮ್ಮೆಯ ಹಾಲು ಬಿದ್ದ ಮೇಲೆ ಮತ್ತೆ ಉಕ್ಕಬೇಕು. ಅಪ್ಪ ಅದನ್ನು ಬಸಿಗೆ ಸುರುವಿಕೊಂಡು ಸೊರ್ ಎಂದು ಎಳೆಯುತ್ತಿದ್ದ. ಚಹಾ ನಮ್ಮ ಕಡೆ ಬಂದದ್ದು ರೈಲಿನ ಜೊತೆ ಎಂದು ಅಜ್ಜ ಹೇಳುತ್ತಿದ್ದ. ಇದ್ದರೂ ಇರಬಹುದು. ಮುಂಬಯಿ ಕಡೆಯ ಹಳಿ ಮತ್ತು ಮದ್ರಾಸ್ ಕಡೆಯ ಹಳಿ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲೇ, ಮತ್ತು ಮುಂದೆ ಚಹಾ ಮಂಡಳಿಯವರು ದೇಶದ ಜನಕ್ಕೆ ಚಹಾದ ರುಚಿ ಹಚ್ಚಲು ಹೊರಟಾಗ ರೈಲು ನಿಲ್ದಾಣಗಳನ್ನೇ ಹಿಡಿದುಕೊಂಡರು. ಮೇಲೆ ನಿಜಾಮರ ಸೀಮೆ, ಹೈದರಾಬಾದಿನ ಇರಾನಿ ಹೋಟೆಲುಗಳ ಗಾಳಿ. ಹಾಲು ಸಕ್ಕರೆ ಇಲ್ಲದ ಚಹಾವನ್ನು ನಮ್ಮ ಮನೆಯಲ್ಲಿ ಜ್ವರ ಬಂದವರಿಗೂ ಕೊಟ್ಟದ್ದಿಲ್ಲ.

ಮಿಲ್ಲಿಗೆ ಹೊಸ ಸಾರ್ಟೆಕ್ಸ್ ತರಿಸುವ ಮಾತು ನಡೆದದ್ದು 2014ರಲ್ಲಿ. ಸಾರ್ಟೆಕ್ಸ್ ಎಂದರೆ ಅಕ್ಕಿಯಿಂದ ಕಪ್ಪು ಕಾಳು, ಹಳದಿ ಕಾಳು, ಹರಳು ಆರಿಸಿ ತೆಗೆಯುವ ಯಂತ್ರ. ಅಕ್ಕಿ ಜಾರುಹಲಗೆಯ ಮೇಲಿಂದ ಸಾಲುಸಾಲಾಗಿ ಇಳಿಯುತ್ತದೆ, ಕ್ಯಾಮೆರಾ ಒಂದೊಂದು ಕಾಳನ್ನೂ ನೋಡುತ್ತದೆ, ಬಣ್ಣ ತಪ್ಪಿದ ಕಾಳು ಕಂಡ ಕೂಡಲೇ ಸೂಜಿಯಷ್ಟು ಗಾಳಿ ಹೊಡೆದು ಪಕ್ಕದ ಡಬ್ಬಕ್ಕೆ ಹಾರಿಸುತ್ತದೆ. ಈ ಯಂತ್ರಗಳ ದೊಡ್ಡ ನೆಲೆ ಚೀನಾದ ಆನ್‌ಹುಯಿ ಪ್ರಾಂತ್ಯದ ರಾಜಧಾನಿ ಹೆಫೆ. ಮಾಲೀಕರು ನನ್ನನ್ನು ತರಬೇತಿಗೆ ಅಲ್ಲಿಗೆ ಕಳಿಸಿದರು. ಏಪ್ರಿಲ್ ತಿಂಗಳು. ರಾಯಚೂರಿನಲ್ಲಿ ಬಿಸಿಲು ಕೆಂಡ, ಅಲ್ಲಿ ಸ್ವೆಟರ್ ಬೇಕು.

ಕಾರ್ಖಾನೆಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಗಾಜಿನ ಬಾಟಲಿಗಳು. ಎಂಜಿನಿಯರಿನಿಂದ ಹಿಡಿದು ಗೇಟಿನ ಕಾವಲುಗಾರನ ತನಕ ಎಲ್ಲರ ಪಕ್ಕದಲ್ಲೂ ಒಂದು, ಅದರೊಳಗೆ ಬಿಸಿನೀರು, ತಳದಲ್ಲಿ ಎಲೆ. ಮುಗಿಯುತ್ತ ಬಂದಂತೆ ಮತ್ತೆ ನೀರು ಬೆರೆಸುತ್ತಿದ್ದರು. ಪ್ರದರ್ಶನದ ಹಾಲಿನಲ್ಲಿ ಅಕ್ಕಿ, ಗೋಧಿ, ಬೇಳೆ ಆರಿಸುವ ಯಂತ್ರಗಳ ಕೊನೆಗೆ ಇನ್ನೊಂದು ಯಂತ್ರ ಓಡುತ್ತಿತ್ತು, ಅದರಲ್ಲಿ ಇಳಿಯುತ್ತಿದ್ದುದು ಚಹಾ. ಅದೇ ಕ್ಯಾಮೆರಾ, ಅದೇ ಗಾಳಿ. ಹಾರಿಸಿ ತೆಗೆಯುತ್ತಿದ್ದುದು ಕಡ್ಡಿಯನ್ನು, ಹಳದಿ ತಿರುಗಿದ ಎಲೆಯನ್ನು. ನಾನು ಆರಿಸಿ ಬಂದ ಕಡೆಯಿಂದ ಒಂದು ಎಲೆ ಎತ್ತಿ ಹಲ್ಲಿಗೆ ಹಾಕಿದೆ. ಅದು ಪಟ್ಟೆಂದು ಮುರಿದು ಪುಡಿಯಾಯಿತು. ಮೊದಲು ಕಹಿ, ಆಮೇಲೆ ಒಗರು, ಆಮೇಲೆ ಹುರಿದ ಕಾಳಿನ ಪರಿಮಳ. ನನಗೆ ಕಲಿಸುತ್ತಿದ್ದ ಎಂಜಿನಿಯರ್ ಅದನ್ನು ನೋಡಿದ. ಅವನು ನಮ್ಮ ಕಡೆಯ ಮಿಲ್ಲುಗಳಿಗೆ ಯಂತ್ರ ಕೂರಿಸಲು ಬಂದುಹೋದವನು, ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷ್ ಬಲ್ಲ. ತನ್ನ ಮಾವನೂ ಎಲೆ ಒಣಗಿತೋ ಇಲ್ಲವೋ ಎಂದು ಹೀಗೆಯೇ ನೋಡುವುದೆಂದೂ, ಈಗ ಅಲ್ಲಿ ಚಹಾದ ಸುಗ್ಗಿಯೆಂದೂ ಹೇಳಿ, ರಜೆಯ ದಿನ ಊರಿಗೆ ಬಾ ಎಂದು ಕರೆದ.

ಹೆಫೆಯಿಂದ ಪಶ್ಚಿಮಕ್ಕೆ ಲುಆನ್, ಅಲ್ಲಿಂದ ಮುಂದೆ ಜಿನ್‌ಝೈ, ದಾಬಿಯೆ ಬೆಟ್ಟಗಳ ಸೀಮೆ. ಈ ಕಡೆಯ ಚಹಾದ ಹೆಸರು ಲುಆನ್ ಗುಆಪಿಯನ್. ಚೀನಾದ ಹೆಸರಾಂತ ಹಸಿರು ಚಹಾಗಳಲ್ಲಿ ಹೆಚ್ಚಿನವು ಚಿಗುರಿನ ಮೊಗ್ಗನ್ನು ನೆಚ್ಚಿದವು. ಹಾಂಗ್‌ಝೌದ ಲೋಂಗ್‌ಜಿಂಗ್‌ನಲ್ಲಿ ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಹಬ್ಬಕ್ಕೆ ಮುಂಚೆ ಕಿತ್ತ ಎಳೆ ಮೊಗ್ಗಿಗೇ ಬೆಲೆ. ಗುಆಪಿಯನ್ ಒಂದೇ ಬೇರೆ ದಾರಿ ಹಿಡಿದದ್ದು. ಅದರಲ್ಲಿ ಮೊಗ್ಗೂ ಇಲ್ಲ, ಕಡ್ಡಿಯೂ ಇಲ್ಲ, ಬರೀ ಎಲೆ. ಚಿಗುರು ಪೂರಾ ಬಿಚ್ಚಿಕೊಳ್ಳುವ ತನಕ ಕಾಯುತ್ತಾರೆ, ಹಾಗಾಗಿ ಕೊಯ್ಲು ಏಪ್ರಿಲ್ ನಡುವಿನಿಂದ ಮುಂದಕ್ಕೆ. ಬಲಿತ ಎಲೆಯಲ್ಲಿ ರುಚಿ ತೆಗೆಯುವುದು ಎಳೆ ಮೊಗ್ಗಿನಲ್ಲಿ ತೆಗೆಯುವುದಕ್ಕಿಂತ ಕಷ್ಟ ಎಂದು ನನ್ನ ಅನಿಸಿಕೆ. ಅದಕ್ಕೇ ಇವತ್ತಿಗೂ ನನಗೆ ಲೋಂಗ್‌ಜಿಂಗ್‌ಗಿಂತ ಇದರ ಮೇಲೆ ಗೌರವ ಹೆಚ್ಚು.

ದಾರಿಯಲ್ಲಿ ಮೈಶಾನ್ ಜಲಾಶಯ. ಕಮಾನುಗಳ ಸಾಲಿನ ಆ ಅಣೆಕಟ್ಟು ಮುಗಿದದ್ದು 1956ರಲ್ಲಿ, ಹಳೆಯ ಜಿನ್‌ಝೈ ಪಟ್ಟಣ ಅದರ ನೀರಿನಡಿ ಇದೆ ಎಂದು ಎಂಜಿನಿಯರ್ ಹೇಳಿದ. ನಮ್ಮ ತುಂಗಭದ್ರಾ ಡ್ಯಾಮಿಗೆ ನೀರು ನಿಂತದ್ದು 1953ರಲ್ಲಿ, ಅದರ ಎಡದಂಡೆ ಕಾಲುವೆಯಿಂದಲೇ ಸಿಂಧನೂರು, ಮಾನ್ವಿ ಭತ್ತದ ಸೀಮೆಯಾದದ್ದು, ಅಲ್ಲಿಯೂ ಊರುಗಳು ಮುಳುಗಿದವು ಎಂದು ನಾನು ಹೇಳಿದೆ. ಇಬ್ಬರೂ ಆಮೇಲೆ ಬಹಳ ದೂರ ಮಾತಾಡಲಿಲ್ಲ.

ಮಾವನ ಮನೆಯ ಪಡಸಾಲೆಯಲ್ಲಿ ಹೆಂಗಸರು ಉದ್ದ ಮೇಜಿನ ಸುತ್ತ ಕೂತು ಎಲೆ ಬಿಡಿಸುತ್ತಿದ್ದರು. ಬೆಳಿಗ್ಗೆ ಕಿತ್ತ ಕುಡಿಗಳಿಂದ ಮೊದಲನೇ ಎಲೆ, ಎರಡನೇ ಎಲೆ, ಮೂರನೇ ಎಲೆ ಬೇರೆ ಬೇರೆ. ಮೊಗ್ಗು-ಕಡ್ಡಿಯದು ಬೇರೆಯೇ ರಾಶಿ, ಅದರಿಂದ ಕಡಿಮೆ ಬೆಲೆಯ ಚಹಾ. ಮಾತು ನಡೆದೇ ಇತ್ತು, ಬೆರಳೂ ನಡೆದೇ ಇತ್ತು. ನಮ್ಮಲ್ಲಿ ಹತ್ತಿ ಬಿಡಿಸುವ ಹೆಣ್ಣಾಳುಗಳ ಕೈ ನೋಡಿದವರಿಗೆ ಆ ವೇಗ ಗೊತ್ತು. ಈಗ ಬಹಳ ಕಡೆ ಗಿಡದ ಮೇಲೆಯೇ ಎಲೆ ಆರಿಸಿ ಕೀಳುತ್ತಾರಂತೆ. ಈ ಮನೆಯಲ್ಲಿ ಮಾತ್ರ ಹಳೆಯ ಪದ್ಧತಿ.

ಹಿಂದಿನ ಕೋಣೆಯಲ್ಲಿ ಎರಡು ಕಬ್ಬಿಣದ ಬಾಣಲೆ, ಮುಂದಕ್ಕೆ ಬಾಗಿಸಿ ಕೂರಿಸಿದವು. ಮಾವ ಒಂದೆರಡು ಹಿಡಿ ಎಲೆಯನ್ನಷ್ಟೇ ಮೊದಲನೇ ಬಾಣಲೆಗೆ ಹಾಕಿ ಒಂದು ಪೊರಕೆಯಿಂದ ಗಿರ್ರನೆ ತಿರುಗಿಸಿದ. ಪೊರಕೆ ನೋಡಿ ನಾನು ಹತ್ತಿರ ಹೋದೆ. ಅದು ಜೋಳದ ತೆನೆಯ ಕಡ್ಡಿಯದು. ಜೋಳದ ಸೀಮೆಯವನಾದ ನನಗೆ ಅದನ್ನು ಅಲ್ಲಿ ಕಂಡು ಆದ ಸಂತೋಷ ಎಂಜಿನಿಯರಿಗೆ ವಿವರಿಸಲು ಬರಲಿಲ್ಲ. ಒಂದೆರಡು ನಿಮಿಷಕ್ಕೆ ಎಲೆ ಬಾಡಿ ಮೆತ್ತಗಾಯಿತು, ಹಸಿ ಸೊಪ್ಪಿನ ವಾಸನೆ ಹೋಯಿತು. ಹಸಿರು ಚಹಾ ಹಸಿರಾಗಿ ಉಳಿಯುವುದು ಈ ಒಂದೆರಡು ನಿಮಿಷದಿಂದ. ಎಲೆಯನ್ನು ಕಿತ್ತು ಹಾಗೆಯೇ ಬಿಟ್ಟರೆ, ಇಲ್ಲವೇ ಜಜ್ಜಿದರೆ, ಒಳಗಿನ ಕಿಣ್ವಗಳು ಗಾಳಿಯ ಜೊತೆ ಸೇರಿ ಅದನ್ನು ಕೆಂಪಾಗಿಸುತ್ತವೆ. ಕಾವು ಕೊಟ್ಟರೆ ಕಿಣ್ವ ಸಾಯುತ್ತದೆ, ಬಣ್ಣ ನಿಲ್ಲುತ್ತದೆ. ನಾವು ಕುಡಿಯುವ ಸಿಟಿಸಿ ಚಾಪುಡಿಯಲ್ಲಿ ಮಾಡುವುದು ಇದಕ್ಕೆ ಪೂರಾ ಉಲ್ಟಾ: ಹಲ್ಲಿನ ಉರುಳೆಗಳ ನಡುವೆ ಎಲೆಯನ್ನು ನುರಿದು ಹರಿದು ಸುರುಳಿ ಮಾಡಿ, ಬೇಕೆಂದೇ ಕೆಂಪಾಗಲು ಬಿಡುತ್ತಾರೆ. ಹಾಲು ಸಕ್ಕರೆ ಎದುರಿಸಿ ನಿಲ್ಲಲು ಆ ಖಡಕ್ ಬೇಕು. ಇನ್ನು ಜಪಾನಿನವರು ಹಸಿರೆಲೆಯನ್ನು ಹಬೆಯಲ್ಲಿ ಬೇಯಿಸುತ್ತಾರೆ. ಚೀನಾದಲ್ಲಿ ಹೆಚ್ಚಿನ ಕಡೆ ಬಾಣಲೆಯಲ್ಲಿ ಹುರಿಯುತ್ತಾರೆ, ಹುರಿದ ಪರಿಮಳ ಬರುವುದು ಅದರಿಂದ.

ಮೆತ್ತಗಾದ ಎಲೆಯನ್ನು ಪೊರಕೆಯಿಂದಲೇ ಎರಡನೇ ಬಾಣಲೆಗೆ ದೂಡಿದ. ಅಲ್ಲಿ ಕಾವು ಕಡಿಮೆ. ತಿರುಗಿಸುತ್ತ, ನಡುನಡುವೆ ಪೊರಕೆಯ ಬೆನ್ನಿನಿಂದ ತಟ್ಟುತ್ತ, ಎಲೆಯ ಎರಡೂ ಅಂಚು ಒಳಕ್ಕೆ ಮಡಚುವಂತೆ ಮಾಡಿದ. ಮುಗಿದಾಗ ಒಂದೊಂದು ಎಲೆಯೂ ಉದ್ದನೆಯ ಬೀಜದ ಆಕಾರಕ್ಕೆ ಬಂದಿತ್ತು.

ಕೊನೆಯ ಕೆಲಸ ನೋಡಲು ನಾನು ಹೊತ್ತು ಮುಳುಗುವ ತನಕ ನಿಂತೆ. ಅಂಗಳದಲ್ಲಿ ಇದ್ದಿಲಿನ ದೊಡ್ಡ ಕೆಂಡದ ರಾಶಿ, ಮೇಲೆ ನೀಲಿ ಉರಿ. ಬಿದಿರಿನ ಅಗಲ ಬುಟ್ಟಿಯಲ್ಲಿ ಎಲೆ ಹರವಿ, ಇಬ್ಬರು ಗಂಡಸರು ಎರಡು ಕಡೆ ಹಿಡಿದು ಓಡಿಬಂದು ಉರಿಯ ಮೇಲೆ ಇಟ್ಟು, ಎರಡು ಮೂರು ಸೆಕೆಂಡಿಗೇ ಎತ್ತಿಕೊಂಡು ಹೋಗಿ ನೆಲಕ್ಕಿಳಿಸಿ, ಕೈಯಿಂದ ಎಲೆ ಮಗುಚುವರು. ಅಷ್ಟರಲ್ಲಿ ಇನ್ನೊಂದು ಬುಟ್ಟಿ ಉರಿಯ ಮೇಲೆ. ಮತ್ತೆ ಮೊದಲನೆಯದು. ಒಂದೊಂದು ಬುಟ್ಟಿಯೂ ಹೀಗೆ ಹತ್ತಾರು ಸಲ. ಒಂದು ಕ್ಷಣ ಹೆಚ್ಚು ನಿಂತರೆ ಎಲೆ ಕರಕಲು, ಕಡಿಮೆಯಾದರೆ ಒಳಗೆ ತೇವ. ಅವರ ಕೈಲಿ ಗಡಿಯಾರವಿರಲಿಲ್ಲ. ಬೆವರು ಬುಟ್ಟಿಗೆ ಬೀಳದಂತೆ ಕೊರಳಿಗೆ ಬಟ್ಟೆ ಸುತ್ತಿಕೊಂಡಿದ್ದರು. ಕಡೆಗೆ ಎಲೆಯ ಮೇಲೆ ತೆಳ್ಳನೆಯ ಬಿಳಿ ಹಿಡಿಯಿತು. ಅದು ಬಂದರೆ ಆಯಿತೆಂದು ಲೆಕ್ಕ. ಬಿಸಿಯಿರುವಾಗಲೇ ತಗಡಿನ ಡಬ್ಬಕ್ಕೆ ತುಂಬಿ ಮುಚ್ಚಿದರು. 2022ರಲ್ಲಿ ಯುನೆಸ್ಕೊ ಚೀನಾದ ಸಾಂಪ್ರದಾಯಿಕ ಚಹಾ ತಯಾರಿಕೆಯನ್ನು ತನ್ನ ಪಟ್ಟಿಗೆ ಸೇರಿಸಿತು, ಅದರಲ್ಲಿ ಗುಆಪಿಯನ್ ಮಾಡುವ ವಿದ್ಯೆಯೂ ಇದೆ. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಇಬ್ಬರ ಓಟ.

ರುಚಿ ನೋಡಲು ಕೂತದ್ದು ಮರುದಿನ ಬೆಳಿಗ್ಗೆ, ಹೊಟ್ಟೆಗೆ ಏನಾದರೂ ಬಿದ್ದ ಮೇಲೆ. ಖಾಲಿ ಹೊಟ್ಟೆಯಲ್ಲಿ ಹಸಿರು ಚಹಾ ಬೇಡ ಎಂದು ಮಾವನ ಕಟ್ಟುನಿಟ್ಟು. ಹಿಂದಿನ ದಿನದ್ದನ್ನೂ ಕೊಡಲಿಲ್ಲ. ಹೊಸದಾಗಿ ಹುರಿದದ್ದರಲ್ಲಿ ಬೆಂಕಿಯ ವಾಸನೆ ಇರುತ್ತದೆ, ಕೆಲವು ದಿನ ಆರಲು ಬಿಡಬೇಕು ಎಂದ. ಮೊದಲ ಕೊಯ್ಲಿನ ಡಬ್ಬ ತೆಗೆದ.

ಎತ್ತರದ ಸಾದಾ ಗಾಜಿನ ಲೋಟ. ಅದಕ್ಕೆ ಬಿಸಿನೀರು ಹಾಕಿ, ತಿರುಗಿಸಿ ಚೆಲ್ಲಿದ. ಬೆಚ್ಚಗಾದ ಖಾಲಿ ಲೋಟಕ್ಕೆ ಎಲೆ, ಸುಮಾರು ಮೂರು ಗ್ರಾಂ ಇದ್ದೀತು. ಬಾಯಿಗೆ ಅಂಗೈ ಮುಚ್ಚಿ ಒಂದೆರಡು ಸಲ ಅಲುಗಿಸಿ ನನ್ನ ಮೂಗಿನ ಹತ್ತಿರ ಹಿಡಿದ. ನೀರೇ ಬಿದ್ದಿಲ್ಲ, ಪರಿಮಳ ಆಗಲೇ ಎದ್ದಿತ್ತು. ಕುದಿದ ನೀರನ್ನು ಮುಚ್ಚಳ ತೆಗೆದು ಆರಲು ಇಟ್ಟಿದ್ದ. ಎಂಬತ್ತರಿಂದ ಎಂಬತ್ತೈದು ಡಿಗ್ರಿ ಸಾಕು. ಮೊಗ್ಗಿನ ಚಹಾಕ್ಕೆ ಇನ್ನೂ ಕಡಿಮೆ ಬೇಕು, ಇದು ಬಲಿತ ಎಲೆಯಾದ್ದರಿಂದ ಸ್ವಲ್ಪ ಹೆಚ್ಚು ತಾಳುತ್ತದೆ. ಮೊದಲು ಲೋಟದ ಕಾಲು ಭಾಗ ನೀರು, ಎಲೆ ನೆನೆಯುವಷ್ಟು. ನಿಧಾನ ತಿರುಗಿಸಿ, ಆಮೇಲೆ ಮೇಲಿನಿಂದ ಸಣ್ಣ ಧಾರೆಯಲ್ಲಿ ಪೂರಾ. ಮಡಚಿದ್ದ ಎಲೆಗಳು ಮೇಲೆ ತೇಲಿ, ಒಂದೊಂದಾಗಿ ಬಿಚ್ಚಿಕೊಂಡು ಇಳಿದವು. ನೀರಿನ ಬಣ್ಣ ತಿಳಿ ಹಳದಿ-ಹಸಿರು. ನಮ್ಮ ಕಣ್ಣಿಗೆ ಅದು ಚಹಾವೇ ಅಲ್ಲ.

ಮೊದಲನೇ ಗುಟುಕಿನಲ್ಲಿ ಸಿಕ್ಕಿದ್ದು ಬಿಸಿ ಮತ್ತು ವಾಸನೆ ಅಷ್ಟೆ. ಮಾವ ಕೈಯಾಡಿಸಿ ಹಾಗಲ್ಲ ಎಂದು ತೋರಿಸಿಕೊಟ್ಟ. ಸ್ವಲ್ಪವೇ ತೆಗೆದುಕೊಂಡು, ಜೊತೆಗೆ ಗಾಳಿ ಎಳೆದು, ನಾಲಿಗೆಯ ಮೇಲೆ ಹರಡಿ, ನಾಲಿಗೆಯ ಕೆಳಗೂ ಹರಿಸಿ, ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಬೇಕು. ಬಸಿಯಿಂದ ಎಳೆಯುತ್ತಿದ್ದ ನಮ್ಮಪ್ಪನ ಸೊರ್ ಸದ್ದು ಅಲ್ಲಿ ತಪ್ಪಲ್ಲ, ಅದೇ ಸರಿಯಾದ ಕ್ರಮ. ಎರಡನೇ ಗುಟುಕಿಗೆ ರುಚಿ ತೆರೆಯಿತು. ನಾಲಿಗೆಯ ತುದಿಗೆ ತೆಳು ಸಿಹಿ, ಬದಿಗಳಿಗೆ ಒಗರು, ನಡುವೆ ಬೇಯಿಸಿದ ಹಸಿ ಕಾಳಿನ ಕಟ್ಟಿನ ಗಾಢತೆ. ನುಂಗಿದ ಮೇಲೆ ಒಗರು ತಾನಾಗಿ ಇಳಿದು ಗಂಟಲಿನಲ್ಲಿ ಸಿಹಿ ಎದ್ದಿತು. ಸಕ್ಕರೆಯ ಸಿಹಿಯಲ್ಲ. ಲೋಟ ಕೆಳಗಿಟ್ಟ ಮೇಲೂ ಅದು ಹೋಗಲಿಲ್ಲ.

ಇದರ ಕಾರಣ ಆಮೇಲೆ ಓದಿದೆ. ಚಳಿಗಾಲವೆಲ್ಲ ಗಿಡ ಬೇರಿನಲ್ಲಿ ಕೂಡಿಟ್ಟ ಥಿಯನೀನ್ ಎಂಬ ಅಮೈನೊ ಆಮ್ಲ ವಸಂತದ ಮೊದಲ ಎಲೆಗಳಿಗೆ ಏರುತ್ತದೆ, ಆ ಗಾಢ ರುಚಿ ಅದರದು. ಬಿಸಿಲು ಹೆಚ್ಚಿದಂತೆ ಥಿಯನೀನ್ ಕರಗಿ ಒಗರಿನ ಕ್ಯಾಟೆಚಿನ್‌ಗಳು ಹೆಚ್ಚುತ್ತವೆ. ಬೇಸಿಗೆಯ ಕೊಯ್ಲು ಕಹಿಯಾಗುವುದು ಅದಕ್ಕೆ. ಕುದಿಯುವ ನೀರು ಸುರಿದರೂ ಅದೇ ಕತೆ: ಕಹಿ, ಒಗರು ಎರಡೂ ಒಮ್ಮೆಲೇ ಹೊರಬಂದು ಉಳಿದದ್ದನ್ನು ಮುಚ್ಚುತ್ತವೆ.

ಲೋಟದಲ್ಲಿ ಮೂರನೇ ಒಂದು ಪಾಲು ಉಳಿದಾಗ ಮತ್ತೆ ನೀರು. ಎರಡನೇ ನೀರು ಎಲ್ಲಕ್ಕಿಂತ ತುಂಬಿದ್ದು. ಮೂರನೆಯದರಲ್ಲಿ ಒಗರು ಹೋಗಿ ಬರೀ ಸಿಹಿ. ಕಡೆಗೆ ಮಾವ ಎಲೆಗಳನ್ನು ಬಿಳಿ ತಟ್ಟೆಗೆ ಸುರಿದು ನೀರು ಹಾಕಿ ಬಿಡಿಸಿ ತೋರಿಸಿದ. ಎಲ್ಲವೂ ಇಡೀ ಎಲೆ, ಅಂಚು ಸುಟ್ಟಿಲ್ಲ, ಕೆಂಪು ಕಲೆಯಿಲ್ಲ. ಕೆಂಪು ಕಂಡರೆ ಕೀಳುವಾಗಲೋ ತರುವಾಗಲೋ ಎಲೆ ನಲುಗಿದೆ ಎಂದು ಅರ್ಥ. ಕುಡಿದು ಮುಗಿದ ಎಲೆಯನ್ನೇ ಸಾಕ್ಷಿಯಾಗಿ ಇಡುವ ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಅಕ್ಕಿಯ ಗುಣಕ್ಕೂ ಕೊನೆಯ ಸಾಕ್ಷಿ ಬೆಂದ ಅನ್ನವೇ.

ಊರಿಗೆ ಒಂದು ಡಬ್ಬ ತಂದೆ. ಅವ್ವ ಮೊದಲು ಮೂಸಿದಳು.

“ಇದಕ್ಕ ಹಾಲು?”

“ಹಾಲಿಲ್ಲ ಯವ್ವಾ. ಸಕ್ಕರಿನೂ ಇಲ್ಲ.”

“ಹಂಗಾದ್ರ ನೀರ ಹೆಸರೈತಿ ನೋಡು ಇದರಾಗ. ಯಾವ ನೀರು ಇಡ್ತಿ?”

ಅವಳು ಕೇಳಿದ ಪ್ರಶ್ನೆಯೇ ಇಡೀ ವಿದ್ಯೆಯ ಬೇರು. ಸಾವಿರದಿನ್ನೂರು ವರ್ಷಗಳ ಹಿಂದೆ ಚಹಾದ ಮೇಲೆ ಮೊದಲ ಗ್ರಂಥ ಬರೆದ ಲು ಯು ನೀರಿಗೆ ತರತಮ ಕಟ್ಟಿದ್ದಾನೆ. ಬೆಟ್ಟದ ಝರಿಯ ನೀರು ಮೊದಲು, ನಂತರ ಹೊಳೆಯದು, ಕಡೆಗೆ ಬಾವಿಯದು. ಹೊಳೆಯ ನೀರಾದರೆ ಜನವಸತಿಯಿಂದ ದೂರ ಹೋಗಿ ತರಬೇಕು, ಬಾವಿಯದಾದರೆ ಹೆಚ್ಚು ಸೇದುವ ಬಾವಿಯದಿರಬೇಕು ಎಂಬುದು ಅವನ ಮಾತು. ಅವ್ವನಿಗೆ ಇದನ್ನು ಹೇಳಿದೆ. ಬಾವಿ ಕಡೆಗಿಟ್ಟದ್ದು ಖರೆ ಐತಿ ಎಂದು ಒಪ್ಪಿದಳು.

ಮೂರು ನೀರು ಇಟ್ಟು ನೋಡಿದೆವು. ಬೋರಿನ ನೀರಿನಲ್ಲಿ ಚಹಾ ನಿಮಿಷದೊಳಗೆ ಕಂದು ತಿರುಗಿತು, ಮೇಲೆ ತೆಳು ಪೊರೆ ಕಟ್ಟಿತು, ಬಾಯಲ್ಲಿ ಸಪ್ಪೆ. ಬೇಳೆಗೆ ಆಗದ ನೀರು ಎಲೆಗೂ ಆಗುವುದಿಲ್ಲ. ಗಡಸು ನೀರಿನ ಸುಣ್ಣ ಚಹಾದ ಒಗರಿನಂಶದ ಜೊತೆ ಸೇರಿ ಪೊರೆಯಾಗುತ್ತದೆ, ಕ್ಷಾರ ಬಣ್ಣವನ್ನೂ ಕೆಡಿಸುತ್ತದೆ. ಊರ ಶುದ್ಧ ನೀರಿನ ಘಟಕದ ನೀರಿನಲ್ಲಿ ಬಣ್ಣ ಚೆನ್ನಾಗಿ ಬಂತು, ರುಚಿ ಮಾತ್ರ ತೆಳುವಾಯಿತು. ಅಷ್ಟು ಸೋಸಿದ ನೀರಿನಲ್ಲಿ ಏನೂ ಉಳಿದಿರುವುದಿಲ್ಲ. ವರತಿಯ ನೀರನ್ನು ಕುದಿಸಿ ಆರಿಸಿ ಹಾಕಿದಾಗ ಬೆಟ್ಟದ ಮನೆಯ ರುಚಿಗೆ ಹತ್ತಿರ ಬಂತು. ಆ ವರತಿ ನೀರಿನ ಚಹಾದ ಮೊದಲನೇ ಸುತ್ತು ಕುಡಿದು ಅವ್ವ ಮುಖ ಕಿವುಚಿದಳು. ಎರಡನೆಯದನ್ನು ಕುಡಿದು ಸುಮ್ಮನಾದಳು. ಸ್ವಲ್ಪ ಹೊತ್ತಿನ ಮೇಲೆ ಗಂಟಲು ಮುಟ್ಟಿಕೊಂಡು, “ಇಲ್ಲೇ ಸಿಹಿ ಬಂತಲ್ಲೋ ತಮ್ಮಾ” ಎಂದಳು. ನಾನು ಅದನ್ನು ಹೇಳಿಕೊಟ್ಟಿರಲಿಲ್ಲ.

ನಮ್ಮ ಬಿಸಿಲಿಗೆ ಡಬ್ಬ ಉಳಿಸುವುದು ಇನ್ನೊಂದು ಕೆಲಸ. ಹಸಿರು ಚಹಾಕ್ಕೆ ಬಿಸಿ, ಬೆಳಕು, ತೇವ, ಗಾಳಿ ಎಲ್ಲವೂ ಶತ್ರು. ಪಕ್ಕದಲ್ಲಿಟ್ಟ ಒಗ್ಗರಣೆಯ ವಾಸನೆಯನ್ನೂ ಹೀರಿಕೊಳ್ಳುತ್ತದೆ. ಲೋಂಗ್‌ಜಿಂಗ್ ಮಾಡುವವರು ಹಿಂದೆ ಜಾಡಿಯಲ್ಲಿ ಸುಡುಸುಣ್ಣದ ಚೀಲ ಇಟ್ಟು ಅದರ ಜೊತೆ ಚಹಾದ ಪೊಟ್ಟಣ ಇಡುತ್ತಿದ್ದರು, ಸುಣ್ಣ ತೇವ ಹೀರಿಕೊಳ್ಳುತ್ತಿತ್ತು. ಎಂಜಿನಿಯರ್ ಇದನ್ನು ಹೇಳಿದ್ದ. ನೀರು ಹಾಕದ ಕಲ್ಲುಸುಣ್ಣ ರಾಯಚೂರಿನಲ್ಲಿ ತಂದು, ದಪ್ಪ ಬಟ್ಟೆಯಲ್ಲಿ ಕಟ್ಟಿ, ಕಾಗದದಲ್ಲಿ ಸುತ್ತಿದ ಚಹಾದ ಜೊತೆ ಗಾಳಿಯಾಡದ ಡಬ್ಬಕ್ಕೆ ಹಾಕಿ ಒಳಕೋಣೆಯ ಕತ್ತಲಲ್ಲಿಟ್ಟೆ. ಕಾರ್ತಿಕದ ತನಕ ಹಸಿರು ಹೋಗಲಿಲ್ಲ.

ಆ ಕಾರ್ತಿಕದ ವಿಜಯದಾಸರ ಆರಾಧನೆಗೆ ಬಂದಿದ್ದ ನಮ್ಮ ಶಾಲೆಯ ಹಳೆಯ ಮಾಸ್ತರರಿಗೆ ಒಂದು ಲೋಟ ಕೊಟ್ಟೆ. ಸುಳಾದಿಗಳನ್ನು ಬಾಯಿಪಾಠ ಬಲ್ಲವರು. ಮೂರು ನೀರನ್ನೂ ಅವಸರವಿಲ್ಲದೆ ಕುಡಿದು, “ಎಲಿ ಒಂದೇ, ನೀರು ನೀರಿಗೆ ನಡಿಗಿ ಬ್ಯಾರೆ. ಸುಳಾದಿಯೊಳಗ ನುಡಿ ನುಡಿಗೆ ತಾಳ ಬದಲಾದಂಗ ಅದ” ಎಂದರು. ಹಸಿರು ಚಹಾದ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಎಲ್ಲಿಯೂ ಕೇಳಿಲ್ಲ.

ಈಗ ರಾಯಚೂರಿನ ಔಷಧಿ ಅಂಗಡಿಯಲ್ಲೂ ಹಸಿರು ಚಹಾ ಸಿಗುತ್ತದೆ. ತೂಕ ಇಳಿಯಲಿ ಎಂದು ಜನ ಪುಡಿ ತುಂಬಿದ ಚೀಲವನ್ನು ಕುದಿಯುವ ನೀರಿನಲ್ಲಿ ಅದ್ದಿ, ಲಿಂಬೆ ಹಿಂಡಿ, ಕಣ್ಣು ಮುಚ್ಚಿ ಕುಡಿಯುತ್ತಾರೆ. ಕಷಾಯದ ಹಾಗೆ ಸಹಿಸಿಕೊಂಡು ಕುಡಿಯುವುದನ್ನು ನೋಡಿದರೆ ನನಗೆ ಸಂಕಟ. ಆ ಪುಡಿಯಲ್ಲಿ ಇಡೀ ಎಲೆ ಇರುವುದಿಲ್ಲ, ಹಾಗಾಗಿ ಕಹಿ ಬೇಗ ಬಿಡುತ್ತದೆ. ಆ ಸುಡುನೀರು ಅದನ್ನು ಇನ್ನೂ ಹೆಚ್ಚಿಸುತ್ತದೆ. ಚೀನಾದ್ದೇ ಆಗಬೇಕೆಂದಿಲ್ಲ, ನೀಲಗಿರಿಯಲ್ಲಿ ಇಡೀ ಎಲೆಯ ಒಳ್ಳೆಯ ಹಸಿರು ಚಹಾ ಮಾಡುತ್ತಾರೆ. ಆರಿಸಿದ ನೀರು, ಚಿಟಿಕೆ ಎಲೆ, ಗಾಜಿನ ಲೋಟ, ಸ್ವಲ್ಪ ಬಿಡುವು. ಖರ್ಚಿನ ಲೆಕ್ಕದಲ್ಲೂ ಒಂದೇ ಎಲೆ ಮೂರು ಸಲ ಬರುತ್ತದೆ. ಔಷಧವೆಂದು ಕುಡಿಯುವವರು ಒಮ್ಮೆ ರುಚಿಗೆಂದು ಕುಡಿದು ನೋಡಲಿ ಎಂಬುದು ನನ್ನ ಕಳಕಳಿಯ ಬೇಡಿಕೆ.

ಎಂಜಿನಿಯರ್ ಯಂತ್ರದ ಸರ್ವಿಸಿಗೆಂದು ಮಾನ್ವಿಗೆ ಬಂದಾಗ ಚೀಕಲಪರ್ವಿಗೆ ಕರೆದುಕೊಂಡು ಹೋದೆ. ಅವ್ವ ಎಮ್ಮೆಯ ಹಾಲಿನ ಚಹಾ ಕಪ್ಪು-ಬಸಿಯಲ್ಲಿ ಕೊಟ್ಟಳು. ಅವನು ತನ್ನ ಮಾವನ ಕ್ರಮದಲ್ಲೇ ಗಾಳಿ ಸೇರಿಸಿ ಎಳೆದು, ನಾಲಿಗೆಯ ಮೇಲೆ ಆಡಿಸಿ, ಶುಂಠಿ ಇದೆ, ಹಾಲಿಗೆ ಹೊಗೆ ಹತ್ತಿದೆ, ಸೌದೆಯ ಒಲೆಯೇ ಎಂದು ಕೇಳಿದ. ಮೂರೂ ಸರಿ. ಅವ್ವನಿಗೆ ಅವನ ಮೇಲೆ ಅಭಿಮಾನ ಬಂದದ್ದು ಆ ಕ್ಷಣದಿಂದ.

ಊಟಕ್ಕೆ ಅವಳು ವರ್ಷ ದಾಟಿದ ಸೋನಾ ಮಸೂರಿ ತೆಗೆದಿದ್ದಳು. ನಮ್ಮಲ್ಲಿ ಬೀಗರಿಗೆ ಹಳೆ ಅಕ್ಕಿಯೇ ಮರ್ಯಾದೆ. ಅನ್ನ ಹೂವಿನ ಹಾಗೆ ಬಿಡಿಬಿಡಿಯಾಗಿ ಅರಳಿತ್ತು. ಅವನು ಮೆಲ್ಲಗೆ ಅಗಿದು, ಎಷ್ಟು ಹಳೆಯದು ಎಂದು ಕೇಳಿದ. ಹೇಳಿದೆ. ಅಕ್ಕಿಯನ್ನು ಬೇಕೆಂದೇ ಒಂದು ವರ್ಷ ಇಡುವುದು ಅವನಿಗೆ ಅರ್ಥವೇ ಆಗಲಿಲ್ಲ. ಅವರಲ್ಲಿ ಚಹಾದಂತೆ ಅಕ್ಕಿಯೂ ಹೊಸದೇ ಆಗಬೇಕು, ಹೊಸ ಅಕ್ಕಿಯ ವಾಸನೆಗೂ ಅಂಟಿಗೂ ಕಾಯುತ್ತಾರೆ, ಹಳೆಯದಾದರೆ ಜೀವ ಹೋಯಿತು ಎನ್ನುತ್ತಾರೆ. ಹೊಸ ಅಕ್ಕಿ ಮುದ್ದೆಯಾಗುತ್ತದೆ, ಹೊಟ್ಟೆಗೆ ಭಾರ ಎಂದು ನಾನು ನಮ್ಮ ಕಡೆಯ ವಾದ ಹೂಡಿದೆ. ಅವ್ವ ಇಬ್ಬರ ಮುಖವನ್ನೂ ನೋಡುತ್ತಿದ್ದವಳು, ಏನಂತಾನ ಎಂದು ಕೇಳಿದಳು. ಹೇಳಿದೆ.

“ಅವರ ಎಲಿ ಹೊಸಾದು ಕುಡಿದೀವಲ್ಲ ನಾವು,” ಎಂದಳು. “ನಮ್ಮ ಅಕ್ಕಿ ಹೊಸಾದು ಉಣ್ಲಿ ಬಿಡು.”

ಮರುದಿನ ಮಧ್ಯಾಹ್ನ ಆ ಸುಗ್ಗಿಯ ಅಕ್ಕಿಗೆ ನೀರು ಕಡಿಮೆ ಇಟ್ಟು ಅನ್ನ ಮಾಡಿದಳು. ಅನ್ನ ಒಂದಕ್ಕೊಂದು ಅಂಟಿಕೊಂಡಿತ್ತು. ಎಂಜಿನಿಯರ್ ಸಾರು ಕಲಸುವ ಮುಂಚೆ ಬರೀ ಅನ್ನವನ್ನೇ ಒಂದು ತುತ್ತು ಬಾಯಿಗಿಟ್ಟು, ಮೂಗಿನಿಂದ ಉಸಿರು ಬಿಟ್ಟು, ಇನ್ನೊಮ್ಮೆ ಹಾಕಿಸಿಕೊಂಡ.